ಲೈಬ್ರರಿಗೆ ಒಂದೇ ಸ್ಟಾರ್ ಕೊಟ್ಟಿದ್ದಾರೆ, ಏನು ಮಾಡೋಣ?

ಪ್ರಶ್ನೆ: ಮೇಡಂ, ನಾನು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಲೈಬ್ರರಿಯಲ್ಲಿದ್ದೀನಿ. ಗೂಗಲ್ ಮ್ಯಾಪಿನಲ್ಲಿ ನಮಗೆ 2.7 ಸ್ಟಾರ್. "ಬಿಸಿಲಲ್ಲಿ ಬಂದೆ, ಬೀಗ ಹಾಕಿತ್ತು" ಅಂತ ಒಬ್ಬರು ಬರೆದಿದ್ದಾರೆ. ತೆಲುಗಿನಲ್ಲಿ ಬೈದವರು ಇನ್ನಿಬ್ಬರು. ಮನೆಯವರ ಕೈಲೆಲ್ಲ ಐದೈದು ಸ್ಟಾರ್ ಹಾಕಿಸಿ, ಬೈದವರಿಗೆ ಕೇಸ್ ಹಾಕ್ತೀವಿ ಅಂತ ಬರೆಯಿರಿ ಅಂತಾರೆ ಮೇಲಿನವರು. ಹಾಗೆ ಮಾಡಬಹುದಾ?

ಉತ್ತರ: ಎರಡೂ ಬೇಡ ಸಾರ್. ಮನೆಯವರ ಸ್ಟಾರ್ ಗೂಗಲ್ ನಿಯಮಕ್ಕೆ ವಿರುದ್ಧ. ಅದೂ ಅಲ್ಲದೆ, ಒಂದೇ ದಿನ ಹತ್ತು ಜನ "ಸೂಪರ್ ಲೈಬ್ರರಿ" ಅಂದರೆ ಊರವರು ನಗ್ತಾರೆ.

ಇನ್ನು ಕೇಸು. ಸರ್ಕಾರಿ ಸಂಸ್ಥೆ ತನ್ನ ಮಾನ ಹೋಯಿತು ಅಂತ ಪರಿಹಾರಕ್ಕೆ ದಾವೆ ಹೂಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1994ರಲ್ಲೇ, ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ. ಆನ್‌ಲೈನಿನಲ್ಲಿ ನೋಯಿಸುವಂತೆ ಬರೆದವರ ಮೇಲೆ ಹಾಕುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಕೂಡ 2015ರಲ್ಲಿ ರದ್ದಾಯಿತು. ಸಿಬ್ಬಂದಿಯ ಹೆಸರೆತ್ತಿ ಸುಳ್ಳು ಬರೆದಿದ್ದರೆ ಅದು ಬೇರೆ ಮಾತು, ವಕೀಲರನ್ನು ಕೇಳಿ.

ನನಗೆ ಆ ಬೀಗದ ಮೇಲೇ ಅನುಮಾನ. ಮ್ಯಾಪಿನಲ್ಲಿ ನಿಮ್ಮ ಸಮಯ ಏನಂತಿದೆ?

ಪ್ರಶ್ನೆ ಕೇಳಿದವರು: ಅಯ್ಯೋ, "24 ಗಂಟೆ ತೆರೆದಿದೆ" ಅಂತಿದೆ ಮೇಡಂ! ಸೋಮವಾರ ನಮಗೆ ರಜ.

ಉತ್ತರ: ಆ ಪುಣ್ಯಾತ್ಮ ಸೋಮವಾರವೇ ಬಸ್ಸಿಳಿದಿರಬೇಕು. ಮ್ಯಾಪಿನಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು, ಅದರಿಂದಲೇ ಹೀಗಾಗೋದು. ಮೊದಲು ಮ್ಯಾಪಿನಲ್ಲಿರುವ ಲೈಬ್ರರಿಯ ಪುಟವನ್ನು ನಿಮ್ಮ ಸುಪರ್ದಿಗೆ ತಗೊಳ್ಳಿ. ನೀವು ಲೈಬ್ರರಿಯವರೇ ಅಂತ ಫೋನಿನಲ್ಲೋ ವಿಡಿಯೋದಲ್ಲೋ ಗೂಗಲ್ ಖಾತ್ರಿ ಮಾಡಿಕೊಳ್ಳುತ್ತದೆ. ಆದರೆ ಕಚೇರಿಯ ಇಮೇಲಿನಲ್ಲೇ ಮಾಡಿ. ಗುಮಾಸ್ತರ ಸ್ವಂತ ಜಿಮೇಲಾದರೆ, ಅವರಿಗೆ ವರ್ಗ ಆದ ದಿನ ಪುಟದ ಬೀಗದಕೈಯೂ ಅವರ ಜೊತೆ ಹೋಯಿತು. ಇಂಥದ್ದು ಎಷ್ಟು ನೋಡಿದ್ದೀನೋ!

ಆಮೇಲೆ ಸಮಯ ಸರಿಮಾಡಿ, ಬಾಗಿಲ ಬೋರ್ಡಿನ ಫೋಟೋ ಹಾಕಿ. ಪುಟ ನಿಮ್ಮದಾದರೂ ರಿವ್ಯೂ ಅಳಿಸೋಕೆ ಬರಲ್ಲ. ಕೊಳಕು ಬೈಗುಳ ಇದ್ದರೆ ರಿಪೋರ್ಟ್ ಮಾಡಬಹುದು, ಅಷ್ಟೇ. ಮಿಕ್ಕವಕ್ಕೆ ಉತ್ತರ ಬರೆಯಿರಿ. ಬೀಗದವರಿಗೆ ಹೀಗೆ ಬರೆದರೆ ಸಾಕು: "ಮ್ಯಾಪಿನಲ್ಲಿ ಸಮಯ ತಪ್ಪಿತ್ತು, ನಿಮಗೆ ತೊಂದರೆ ಆಯಿತು. ಈಗ ಸರಿಮಾಡಿದ್ದೇವೆ. ಸೋಮವಾರ ರಜ." ತೆಲುಗಿನವರಿಗೆ ತೆಲುಗಲ್ಲೇ ಬರೆಯಿರಿ. ಕೋಲಾರದಲ್ಲಿ ಅದಕ್ಕೆ ಜನ ಹುಡುಕಬೇಕಾ?

ಇನ್ನೊಬ್ಬರು: ನಾನು ಎಫ್‌ಡಿಎ ಪರೀಕ್ಷೆಗೆ ಓದ್ತಿದ್ದೀನಿ. ನಮ್ಮೂರ ಲೈಬ್ರರಿಯಲ್ಲಿ ಫ್ಯಾನ್ ತಿರುಗಲ್ಲ ಅಂತ ರಿವ್ಯೂ ಬರೆದೆ. "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು" ಅಂತ ಉತ್ತರ ಬಂತು. ಫ್ಯಾನ್ ಮಾತ್ರ ಹಾಗೇ ಇದೆ.

ಉತ್ತರ: ಅಂಥ ಉತ್ತರಕ್ಕಿಂತ ಸುಮ್ನಿರೋದೇ ವಾಸಿ. ಮೊದಲು ಎಲೆಕ್ಟ್ರಿಷಿಯನ್‌ನ ಕರೆಸಬೇಕಿತ್ತು, ಆಮೇಲೆ ಬರೆಯಬೇಕಿತ್ತು. ತಿರುಗಿದ ದಿನ ನೀವೇ ಹೋಗಿ ಸ್ಟಾರ್ ಬದಲಾಯಿಸಿ ಅಪ್ಪಾ, ಗೂಗಲ್ ಅದಕ್ಕೆ ಬಿಡುತ್ತೆ.