ಮಗಳಿಗೆ ಕಾಡುಪ್ರಾಣಿಗಳ ಬಗ್ಗೆ ಓದಬೇಕಂತೆ, ಕಡಿಮೆ ಖರ್ಚಿನಲ್ಲಿ ಎಲ್ಲಿ?

ಕಾಸರಗೋಡಿನ ಮುಳ್ಳೇರಿಯದಿಂದ, ಒಬ್ಬ ತಂದೆ: ಮಗಳು ಪ್ಲಸ್ ಟು ಬಯಾಲಜಿ. ಹತ್ತರವರೆಗೆ ಕನ್ನಡ ಮೀಡಿಯಂ. ಕಾರಡ್ಕ ಕಾಡಿನ ಆನೆಗಳು ನಮ್ಮ ತೋಟಕ್ಕೆ ಇಳಿಯುವುದನ್ನು ನೋಡಿ ನೋಡಿ, ಈಗ ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್ ಓದುತ್ತೇನೆ ಅಂತ ಹಠ ಹಿಡಿದಿದ್ದಾಳೆ. ಒಂದು ಖಾಸಗಿ ಕಾಲೇಜಿನವರು ಹೇಳಿದ ಫೀಸು ಕೇಳಿ ತಲೆ ತಿರುಗಿತು. ಓದಿದವರು ಯಾರಾದರೂ ಇದ್ದರೆ ದಾರಿ ಹೇಳಿ.

ಬದಿಯಡ್ಕದಿಂದ: ಅಣ್ಣ, ಡಿಗ್ರಿಯ ಹೆಸರಿನಲ್ಲಿ ವೈಲ್ಡ್‌ಲೈಫ್ ಇರಲೇಬೇಕು ಅಂತ ಇಲ್ಲ. ನಾನು ಅದೇ ಹೆಸರು ನೋಡಿ ಮೋಸ ಹೋದವನು. ಮೂರು ವರ್ಷದಲ್ಲಿ ಕಾಡಿಗೆ ಹೋದದ್ದು ಎರಡು ಸಲ, ಅದರಲ್ಲಿ ಒಂದು ಝೂ! ಆಮೇಲೆ ಐಎಫ್‌ಎಸ್ (ಅರಣ್ಯ ಸೇವೆ) ಪರೀಕ್ಷೆ ಬರೆಯುವ ಅಂತ ನೋಡಿದರೆ, ಯಾವ ಡಿಗ್ರಿ ಆಗುತ್ತದೆ ಎನ್ನುವ ಯುಪಿಎಸ್‌ಸಿ ಪಟ್ಟಿಯಲ್ಲಿ ಝೂವಾಲಜಿ, ಬಾಟನಿ, ಫಾರೆಸ್ಟ್ರಿ, ಅಗ್ರಿಕಲ್ಚರ್, ಇಂಜಿನಿಯರಿಂಗ್ ಎಲ್ಲ ಇದೆ, ವೈಲ್ಡ್‌ಲೈಫ್ ಅಂತ ಬೇರೆ ವಿಷಯವೇ ಇಲ್ಲ. ಸರ್ಕಾರಿ ಕಾಲೇಜಿನಲ್ಲಿ ಸಾದಾ ಝೂವಾಲಜಿ ಮಾಡಿದರೆ ಮನೆಯಿಂದಲೇ ಬಸ್ಸಲ್ಲಿ ಹೋಗಿ ಬರಬಹುದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಝೂವಾಲಜಿಯೂ ಇದೆ.

ಶಿರಸಿಯಲ್ಲಿ ಓದಿದವಳು, ಊರು ಪೆರ್ಲ: ಫಾರೆಸ್ಟ್ರಿಯನ್ನು ಬಿಡಬೇಡಿ. ನಾಲ್ಕು ವರ್ಷದ ಕೋರ್ಸು. ಕೇರಳದಲ್ಲಾದರೆ ತ್ರಿಶೂರಿನ ವೆಳ್ಳಾನಿಕ್ಕರದ ಕಾಲೇಜು. ಅದಕ್ಕೆ ನೀಟ್ ರ‍್ಯಾಂಕ್ ಬೇಕು, ಜೊತೆಗೆ ಕೀಮ್ (ಕೇರಳದ ಪ್ರವೇಶ ಪರೀಕ್ಷೆ) ಅರ್ಜಿಯನ್ನೂ ಹಾಕಿರಬೇಕು. ನೀಟ್ ಬರೆದು ಕೀಮ್ ಮರೆತು ಕೂತವರನ್ನು ನಾನೇ ನೋಡಿದ್ದೇನೆ. ಕರ್ನಾಟಕದಲ್ಲಿ ಶಿರಸಿ ಮತ್ತು ಪೊನ್ನಂಪೇಟೆ, ಸಿಇಟಿ ಮೂಲಕ. ನಾವು ಕಾಸರಗೋಡಿನವರು ಗಡಿನಾಡ ಕನ್ನಡಿಗರು ಅಂತ ಅರ್ಜಿ ಹಾಕಬಹುದು. ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲೂಕಿನವರಿಗೆ ಇದು ಇದೆ. ಒಂದು ಕನ್ನಡ ಪರೀಕ್ಷೆ ಇರುತ್ತದೆ, ನಿಮ್ಮ ಮಗಳಿಗೆ ಅದು ನೀರು ಕುಡಿದ ಹಾಗೆ. ಕಾಗದಪತ್ರ ಮಾತ್ರ ಈಗಲೇ ಮಾಡಿಸಿಡಿ. ನನ್ನಪ್ಪ ಒಂದು ಸರ್ಟಿಫಿಕೇಟಿಗೆ ಆಫೀಸಿಗೆ ಐದು ಸಲ ಅಲೆದಿದ್ದಾರೆ.

ಓದು ಅಂದರೆ ಬರೀ ಪ್ರಾಣಿ ಅಲ್ಲ ಅಂತಲೂ ಅವಳಿಗೆ ಹೇಳಿ. ನರ್ಸರಿ, ಮಣ್ಣು, ಮರದ ಅಳತೆ, ಎಲ್ಲ ಇದೆ.

ದೇಲಂಪಾಡಿಯಿಂದ, ಈಗ ಆನೆ ಸರ್ವೇ ಕೆಲಸ: ಹೆಸರಿನ ಆಸೆ ಎಂಎಸ್ಸಿಯಲ್ಲಿ ತೀರಿಸಿಕೊಳ್ಳಲಿ. ಕುವೆಂಪು ವಿಶ್ವವಿದ್ಯಾಲಯದಲ್ಲಿ ವೈಲ್ಡ್‌ಲೈಫ್ ಕೋರ್ಸ್ ಇದೆ, ವಯನಾಡಿನ ಪೂಕೋಡಿನಲ್ಲಿದೆ, ತಮಿಳುನಾಡಿನ ಮಯಿಲಾಡುತುರೈಯಲ್ಲೂ ಇದೆ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ 2004ರಿಂದ ನಡೆಯುತ್ತಿದೆ, ಸೀಟು ತೀರಾ ಕಡಿಮೆ. ಡೆಹ್ರಾಡೂನಿನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್ ಕೂಡ ಹಾಗೆಯೇ, ಪೈಪೋಟಿ ಜಾಸ್ತಿ.

ಕೆಲಸ ಹೇಗಿರುತ್ತದೆ ಅಂದರೆ: ಬೆಳಿಗ್ಗೆ ಆರಕ್ಕೆ ಗೆರೆ ಎಳೆದ ಹಾಗೆ ಕಾಡಲ್ಲಿ ನಡೆಯಬೇಕು. ಲದ್ದಿ ಕಂಡರೆ ಕೂತು, ಉಂಡೆಯ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಬರೆದುಕೊಳ್ಳಬೇಕು. ಆನೆಯ ವಯಸ್ಸು ಅಂದಾಜು ಮಾಡುವುದಕ್ಕೆ ಅದು ಬೇಕು. ಮಳೆಗಾಲದಲ್ಲಿ ಬರೆಯುವಷ್ಟರಲ್ಲಿ ಇಂಬಳ (ಜಿಗಣೆ) ಸಾಕ್ಸ್ ದಾಟಿ ಮೊಣಕಾಲಿಗೆ ಬಂದಿರುತ್ತದೆ. ಪ್ರಾಜೆಕ್ಟ್ ಮುಗಿದರೆ ಸಂಬಳವೂ ಮುಗಿಯಿತು. ಆಮೇಲೆ ಇನ್ನೊಂದು ಹುಡುಕಬೇಕು. ಇದನ್ನು ಮುಚ್ಚಿಟ್ಟು ಸೇರಿಸಬೇಡಿ ಮಾರಾಯ್ರೇ.

ನೀರ್ಚಾಲಿನಿಂದ: ಕೇರಳದ ಇ-ಗ್ರಾಂಟ್ಸ್ ವಿದ್ಯಾರ್ಥಿವೇತನ ನಿಮಗೆ ಸಿಗುತ್ತದಾ ಅಂತ ಒಮ್ಮೆ ವಿಚಾರಿಸಿ. ಫೀಸಿಗಿಂತ ಹಾಸ್ಟೆಲ್ ಖರ್ಚೇ ದೊಡ್ಡದು, ಅಲ್ವಾ.

ಮುಳ್ಳೇರಿಯದಿಂದ, ತಂದೆ: ಎಲ್ಲರಿಗೂ ತುಂಬಾ ಉಪಕಾರ. ಸಿಇಟಿ, ಕೀಮ್ ಎರಡೂ ಹಾಕುತ್ತೇವೆ. ಯಾವುದೂ ಸಿಗದಿದ್ದರೆ ಇಲ್ಲೇ ಝೂವಾಲಜಿ. ಇಂಬಳದ ವಿಷಯ ಓದಿ ಹೇಳಿದರೆ ನಕ್ಕಳು. ನಿನ್ನೆ ರಾತ್ರಿ ಮತ್ತೆ ಆನೆ ಬಂದು ಎರಡು ಬಾಳೆ ಮುರಿದಿದೆ. ಬೆಳಿಗ್ಗೆ ನೋಡಿದರೆ, ಅಮ್ಮನ ಹೊಲಿಗೆ ಟೇಪು ಹಿಡಿದು ತೋಟದಲ್ಲಿ ಕೂತಿದ್ದಾಳೆ. ಟೇಪು ಇನ್ನು ನನಗೆ ಬೇಡ ಅಂತ ಅವಳಮ್ಮ.