ಪಾರ್ಕಿಂಗ್ ಬಗ್ಗೆ ಪೊಲೀಸರು ಸಭೆ ಕರೆದಿದ್ದಾರೆ, ಏನು ಕೇಳೋಣ?

ಪ್ರಶ್ನೆ (ಧಾರವಾಡ, ಅಂಗಡಿಕಾರ):
ನಮ್ಮ ಅಂಗಡಿ ಇರುವುದು ಸುಭಾಸ ರಸ್ತೆಗೆ ಹತ್ತಿರದ ಸಣ್ಣ ರಸ್ತೆಯಲ್ಲಿ. ಸಂಜೆಯಾದರೆ ಎರಡೂ ಕಡೆ ಬೈಕು, ಅದರ ಹೊರಗೆ ಕಾರು, ನಡುವೆ ಒಂದು ಆಟೋ ಹೋದರೆ ಹೆಚ್ಚು. ಸಂಚಾರ ಪೊಲೀಸರು ಈಚೆಗೆ ಫೋಟೋ ತೆಗೆದು ದಂಡ ಹಾಕಲು ಶುರು ಮಾಡಿದ್ದಾರೆ. ಗಿರಾಕಿಗಳು ನಮ್ಮ ಮೇಲೆ ಸಿಟ್ಟಾಗುತ್ತಾರೆ. ಈಗ ವ್ಯಾಪಾರಿಗಳನ್ನೂ ಓಣಿಯವರನ್ನೂ ಸಭೆಗೆ ಕರೆದಿದ್ದಾರೆ. ಹೋಗಿ ಬರೀ ಹಾಜರಿ ಹಾಕಿ ಬಂದರೆ ಸಾಲದು. ನಿಮ್ಮ ಕಡೆ ಇಂಥ ಪ್ರಯತ್ನ ನಡೆದಿದ್ದರೆ, ಏನು ಕೇಳಿದಿರಿ, ಯಾವುದು ಕೆಲಸ ಮಾಡಿತು, ಹೇಳಿ.

ಹುಬ್ಬಳ್ಳಿ, ದುರ್ಗದಬೈಲ್ ಹತ್ತಿರದ ಬಟ್ಟೆ ವ್ಯಾಪಾರಿ:
ಸಭೆಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಯಾವ ಗಾಡಿ ಯಾರದು ಅಂತ ಬರೆದುಕೊಳ್ಳಿ. ಸಂಜೆ ಮತ್ತೆ ನೋಡಿ. ನಮ್ಮ ಸಾಲಿನಲ್ಲಿ ಹೀಗೆ ಮಾಡಿದಾಗ ಗೊತ್ತಾಗಿದ್ದು, ಬೆಳಿಗ್ಗೆ ಬಂದು ರಾತ್ರಿವರೆಗೂ ಅಲ್ಲಾಡದೆ ನಿಲ್ಲುವ ಗಾಡಿಗಳು ಹೆಚ್ಚಾಗಿ ಅಂಗಡಿಯವರದು, ಕೆಲಸದ ಹುಡುಗರದು. ಗಿರಾಕಿ ಬಂದರೆ ಜಾಗ ಎಲ್ಲಿಂದ ಬರಬೇಕು? ಅವರು ಅಡ್ಡ ನಿಲ್ಲಿಸುತ್ತಾರೆ, ದಂಡ ಅವರಿಗೆ ಬೀಳುತ್ತದೆ, ಮುಂದಿನ ಸಲ ಅವರು ಮಾಲ್‌ಗೆ ಹೋಗುತ್ತಾರೆ. ಸಾಲಿನವರೆಲ್ಲ ಸೇರಿ ಸ್ವಲ್ಪ ದೂರದ ಒಂದು ಖಾಲಿ ಜಾಗವನ್ನು ಬಾಡಿಗೆಗೆ ಹಿಡಿದೆವು. ಅಲ್ಲಿಂದ ನಡೆದು ಬರುವುದು ಹುಡುಗರಿಗೆ ಮೊದಮೊದಲು ಬೇಜಾರು. ಆದರೆ ಅಂಗಡಿ ಮುಂದೆ ಜಾಗ ಕಾಣಿಸಿದ್ದು ಆಮೇಲೆಯೇ.

ಎರಡನೆಯದು, ಮಾಲು ಇಳಿಸುವ ಹೊತ್ತು. ಟೆಂಪೋ ಸಂಜೆ ಬಂದು ನಿಂತರೆ ಇಡೀ ಬೀದಿ ಸತ್ತ ಹಾಗೆ. ಬೆಳಿಗ್ಗೆ ಬೇಗ, ಇಲ್ಲವೇ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಂತ ನೀವೇ ಒಪ್ಪಿಕೊಂಡು, ಅದನ್ನೇ ಪೊಲೀಸರ ಮುಂದಿಡಿ. ಒಬ್ಬನಿಗೂ ರಿಯಾಯಿತಿ ಬೇಡ ಅಂತಲೂ ಹೇಳಿ.

ಮೂರನೆಯದು ಮುಖ್ಯ. 'ನೋ ಪಾರ್ಕಿಂಗ್' ಬೋರ್ಡ್ ಒಂದನ್ನೇ ಕೇಳಬೇಡಿ. ಎಲ್ಲಿ ನಿಲ್ಲಿಸಬಾರದು ಅಂತ ಮಾತ್ರ ಹೇಳಿದರೆ ಜನ ಎಲ್ಲಾದರೂ ನಿಲ್ಲಿಸಲೇಬೇಕಲ್ವಾ? ಎಲ್ಲಿ ನಿಲ್ಲಿಸಬಹುದು ಅಂತ ಬಿಳಿ ಗೆರೆ ಹಾಕಿಸಿ. ಬೈಕಿಗೆ ಓರೆ ಗೆರೆ ಇದ್ದರೆ ಜನ ತಾವಾಗೇ ಸಾಲಾಗಿ ನಿಲ್ಲಿಸುತ್ತಾರೆ, ಇದನ್ನು ಕಣ್ಣಾರೆ ನೋಡಿದ್ದೇನೆ. ಗೆರೆ ಮಾಸಿದ ಮಳೆಗಾಲದಲ್ಲಿ ಮತ್ತೆ ಅಡ್ಡಾದಿಡ್ಡಿ ಶುರುವಾಯಿತು, ಅದನ್ನೂ ನೋಡಿದ್ದೇನೆ. ಬಣ್ಣ ಬಳಿಯುವುದು, ಫುಟ್‌ಪಾತ್ ತೆರವು ಪಾಲಿಕೆಯ ಕೆಲಸ. ಹಾಗಾಗಿ ಸಭೆಗೆ ಪಾಲಿಕೆಯ ಎಂಜಿನಿಯರ್ ಒಬ್ಬರು ಬರಲಿ ಅಂತ ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸುತ್ತಾರೆ.

ಗದಗ:
ನಮ್ಮಲ್ಲಿ ಕಮಿಷನರೇಟ್ ಇಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲಿ ನಿಲ್ಲಿಸಬಹುದು, ಎಲ್ಲಿ ನಿಲ್ಲಿಸಬಾರದು ಅನ್ನುವ ಆದೇಶ ಪೊಲೀಸ್ ಕಮಿಷನರ್ ಕಡೆಯಿಂದ ಬಂದರೆ, ಗದಗ, ಹಾವೇರಿಯಂಥ ಕಡೆ ಜಿಲ್ಲಾಧಿಕಾರಿ ಕಡೆಯಿಂದ ಬರಬೇಕು. ಅವರ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇರುತ್ತದೆ, ಅರ್ಜಿಯನ್ನು ಅಲ್ಲಿಗೂ ಕೊಡಿ. ನಿಮ್ಮ ರಸ್ತೆ ಅಷ್ಟು ಸಣ್ಣದಿದ್ದರೆ ಸಮ ದಿನಾಂಕಕ್ಕೆ ಒಂದು ಕಡೆ, ಬೆಸ ದಿನಾಂಕಕ್ಕೆ ಇನ್ನೊಂದು ಕಡೆ ಅನ್ನುವ ಪದ್ಧತಿ ಕೇಳಿ. ಎರಡೂ ಕಡೆಯ ಅಂಗಡಿಯವರಿಗೆ ನ್ಯಾಯ. ಆದರೆ ಬೋರ್ಡ್ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಎರಡೂ ತುದಿಯಲ್ಲಿ ಇರಬೇಕು. ತಿಂಗಳು 31ಕ್ಕೆ ಮುಗಿದರೆ ಮರುದಿನ 1, ಎರಡೂ ಬೆಸ. ಆ ದಿನ ಗಲಾಟೆ ಆಗುತ್ತದೆ, ಮೊದಲೇ ಹೇಳಿಡಿ.

ಹುಬ್ಬಳ್ಳಿ, ವಿದ್ಯಾನಗರದ ತಾಯಿ:
ಎಲ್ಲರೂ ಜಾಗದ ಬಗ್ಗೆ ಬರೆದಿದ್ದೀರಿ. ನಾನು ರಸ್ತೆ ದಾಟುವವರ ಬಗ್ಗೆ ಬರೆಯುತ್ತೇನೆ. ಚಿಗರಿ ಬಸ್ಸು, ಅಂದರೆ ಹುಬ್ಬಳ್ಳಿ-ಧಾರವಾಡ ನಡುವೆ ತನ್ನದೇ ಲೇನಿನಲ್ಲಿ ಓಡುವ ಬಸ್ಸಿನ ನಿಲ್ದಾಣ ರಸ್ತೆ ನಡುವೆ ಇದೆ. ಬಸ್ ಹತ್ತಬೇಕೆಂದರೆ ಪಕ್ಕದ ಲೇನ್ ದಾಟಲೇಬೇಕು. ಜೀಬ್ರಾ ಪಟ್ಟಿಗೆ ಅಂಟಿಕೊಂಡು ಒಂದು ಕಾರು ನಿಂತಿತೆಂದರೆ, ಅದರ ಮುಂದೆ ನಿಂತ ಎಂಟು ವರ್ಷದ ಮಗು ಬರುವ ಬೈಕಿನವನಿಗೆ ಕಾಣುವುದೇ ಇಲ್ಲ. ಮಗುವಿಗೂ ಬೈಕು ಕಾಣುವುದಿಲ್ಲ. ಅದು ನೋಡಲೆಂದು ಎರಡು ಹೆಜ್ಜೆ ಮುಂದೆ ಬರುತ್ತದೆ, ಅಷ್ಟರಲ್ಲಿ ಅದು ರಸ್ತೆಯಲ್ಲಿರುತ್ತದೆ. ನನ್ನ ಮಗಳನ್ನು ಕೈ ಹಿಡಿದು ಎಳೆದುಕೊಂಡಿದ್ದೇನೆ, ಆ ನಡುಕ ಇನ್ನೂ ಹೋಗಿಲ್ಲ. ದಯವಿಟ್ಟು ಸಭೆಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಿ: ಜೀಬ್ರಾ, ತಿರುವು, ಬಸ್ ಸ್ಟಾಪ್, ಶಾಲೆ ಗೇಟು, ಇಲ್ಲಿ ಒಂದು ನಿಮಿಷಕ್ಕೂ ಬಿಡಬೇಡಿ. ಬೇರೆ ಕಡೆ ಬೇಕಾದರೆ ಮೊದಲು ಎಚ್ಚರಿಕೆ ಕೊಟ್ಟು ಆಮೇಲೆ ದಂಡ ಹಾಕಲಿ.

ಹಾಗೇ ಟ್ಯೂಷನ್ ಹುಡುಗರ ವಿಷಯ. 18 ತುಂಬದವರ ಕೈಗೆ ಸ್ಕೂಟಿ ಕೊಟ್ಟರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಕೂಡ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ. ಪೊಲೀಸರು ಕಾಲೇಜಿಗೆ ಬಂದು ಹುಡುಗರಿಗೆ ಹೇಳುತ್ತಾರೆ, ಒಳ್ಳೆಯದೇ. ಆದರೆ ಇದನ್ನು ಪೋಷಕರ ಸಭೆಯಲ್ಲಿ ಹೇಳಬೇಕು. ಕೀಲಿ ಕೊಡುವವರು ನಾವು.

ಸಂಚಾರ ವಿಭಾಗದಿಂದ ನಿವೃತ್ತ, ಧಾರವಾಡ:
ಒಳಗಿನಿಂದ ನೋಡಿದವನಾಗಿ ಹೇಳುತ್ತೇನೆ. ಗಣೇಶ ವಿಸರ್ಜನೆ, ಸಿದ್ಧಾರೂಢ ಮಠದ ಜಾತ್ರೆ, ಮಂತ್ರಿಗಳ ಭೇಟಿ, ಯಾವುದಾದರೂ ಒಂದು ಬಂತೆಂದರೆ ನಿಮ್ಮ ಬೀದಿಯ ಸಿಬ್ಬಂದಿ ಬಂದೋಬಸ್ತಿಗೆ ಹೋಗುತ್ತಾರೆ. ದಿನವಿಡೀ ಪೊಲೀಸ್ ಬೇಕು ಅಂತ ಕೇಳಿದರೆ ಸಿಗುವುದಿಲ್ಲ. ಸಂಜೆ ಯಾವ ಎರಡು ತಾಸು ತೀರಾ ಕಷ್ಟ ಅಂತ ಹೇಳಿ, ಅಷ್ಟು ಕೇಳಿ. ಅದನ್ನು ಕೊಡಬಹುದು. 'ಟ್ರಾಫಿಕ್ ಬಹಳ ಸಾರ್' ಅನ್ನುವ ಅರ್ಜಿ ಫೈಲಿನಲ್ಲೇ ಉಳಿಯುತ್ತದೆ. 'ಇಂಥ ಔಷಧ ಅಂಗಡಿ ಎದುರು, ಸಂಜೆ ಇಷ್ಟು ಗಂಟೆಗೆ' ಅಂತ ಫೋಟೋ ಸಮೇತ ಬರೆದರೆ ಕೆಲಸ ಮಾಡುವವನಿಗೂ ದಾರಿ ಸಿಗುತ್ತದೆ. ಸ್ವೀಕೃತಿ ಸಹಿ ಮರೆಯಬೇಡಿ.

ಗಿರಾಕಿಗಳು ದಂಡದ ಬಗ್ಗೆ ಕೇಳಿದರೆ: ನೋಟಿಸಿನಲ್ಲಿ ಫೋಟೋ, ಜಾಗ, ಹೊತ್ತು ನೋಡಿ, ತಪ್ಪಿದ್ದರೆ ಠಾಣೆಗೆ ಹೋಗಿ ಹೇಳಬಹುದು. ಕಟ್ಟುವುದಿದ್ದರೆ ಕರ್ನಾಟಕ ಒನ್‌ನಲ್ಲೂ ಆಗುತ್ತದೆ, ರಸೀದಿ ಇಟ್ಟುಕೊಳ್ಳಿ. 2023ರಲ್ಲಿ ಮತ್ತು 2025ರಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿದ್ದರು, ಆದರೆ ಅದನ್ನೇ ಕಾಯುತ್ತಾ ಕೂರಬೇಡಿ. ಗಾಡಿ ಮಾರಿದವರು ಆರ್‌ಸಿ ಬದಲಾಯಿತಾ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಯಾರೋ ನಿಲ್ಲಿಸಿದ್ದಕ್ಕೆ ನೋಟಿಸು ನಿಮ್ಮ ಮನೆಗೆ ಬರುತ್ತದೆ. ದಾಖಲೆ ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ.

ಹಾವೇರಿ:
ಒಂದು ಮಾತು. ಇಂಥ ಸಭೆಗಳಲ್ಲಿ ಎಲ್ಲರೂ ಕೊನೆಗೆ ತಳ್ಳುಗಾಡಿಯವರ ಮೇಲೆ ಬೀಳುತ್ತಾರೆ. ಅವರನ್ನು ಓಡಿಸಿದ ಜಾಗದಲ್ಲಿ ಮರುದಿನವೇ ಕಾರು ನಿಂತಿರುತ್ತದೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ, ಅವರಿಗೂ ಜಾಗ ಗುರುತಿಸಿಕೊಡಬೇಕು. ನಿಮ್ಮ ಸಭೆಗೆ ಅವರಲ್ಲಿ ಇಬ್ಬರನ್ನು ಕರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹೂವಿನವರನ್ನೂ ಬಾಳೆಹಣ್ಣಿನವರನ್ನೂ ಈಗಲೇ ಕರೆದೆ, ಬರುತ್ತಾರಂತೆ. ನಮ್ಮ ರಸ್ತೆಯ ತಿರುವಿನಲ್ಲೂ ಒಂದು ಜೀಬ್ರಾ ಇದೆ, ಅರ್ಧ ಅಳಿಸಿದೆ. ಅದರ ಫೋಟೋ ಅರ್ಜಿಯ ಮೊದಲ ಪುಟಕ್ಕೆ ಹಾಕುತ್ತೇನೆ. ಒಂದೇ ಅನುಮಾನ: ಪಾಲಿಕೆಗೂ ಠಾಣೆಗೂ ಬೇರೆ ಬೇರೆ ಅರ್ಜಿ ಬೇಕಾ?

ಸಂಚಾರ ವಿಭಾಗದಿಂದ ನಿವೃತ್ತ, ಧಾರವಾಡ:
ಒಂದೇ ಅರ್ಜಿ, ಅದರಲ್ಲಿ ಪಾಲಿಕೆ, ಠಾಣೆ ಎರಡರ ಹೆಸರೂ ಬರೆಯಿರಿ. ಇಬ್ಬರಿಗೂ ಪ್ರತಿ ಹೋಗಿದೆ ಅಂತ ಇಬ್ಬರಿಗೂ ಗೊತ್ತಿರಲಿ.