ಭಾವನಿಗೆ ಅಂಗಡಿಯವನ ಉತ್ತರ

ಭಾವ, ನಿನ್ನೆ ನೀವು ಮನೆಯವರ ವಾಟ್ಸಾಪ್ ಗುಂಪಿಗೆ ಕಳುಹಿಸಿದ ಮಾತನ್ನು ಎರಡು ಸಲ ಕೇಳಿದೆ. ಪೂಜೆಯ ಫೋಟೋದಲ್ಲಿ ನಿಮ್ಮ ಮೊಮ್ಮಗ ಚಿಣ್ಣ ದಪ್ಪಗೆ ಕಾಣುತ್ತಾನೆ, ಈಗಿನ ತಾಯಂದಿರಿಗೆ ಅಡುಗೆ ಮಾಡಲು ಉದಾಸೀನ ಎಂದಿರಿ. ನಿಮ್ಮ ಸೊಸೆಯೂ ಇದೇ ಗುಂಪಿನಲ್ಲಿದ್ದಾಳೆ. ಅವಳು ಬಾಯಿ ತೆರೆಯುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಸ್ವಲ್ಪ ಉದ್ದವಾದೀತು.

ಉಡುಪಿಯಲ್ಲಿ ಶಾಲೆಯ ಹತ್ತಿರ ಇಪ್ಪತ್ತು ವರ್ಷಗಳಿಂದ ಅಂಗಡಿ ಇಟ್ಟವನು ನಾನು. ಸಂಜೆ ಗಂಟೆ ಬಾರಿಸಿದರೆ ಹತ್ತು ನಿಮಿಷ ಉಸಿರಾಡಲು ಪುರುಸೊತ್ತಿಲ್ಲ. ದುಡ್ಡು ಕೊಡುವವರು ಯಾರು? ತಾಯಂದಿರು ಆ ಹೊತ್ತಿಗೆ ಕೆಲಸದಲ್ಲಿರುತ್ತಾರೆ. ಸ್ಕೂಟರ್ ನಿಲ್ಲಿಸಿ ಪರ್ಸ್ ತೆಗೆಯುವವರು ಅಜ್ಜಂದಿರು. ಗುರುವಾರ ನೀವು ಕೊಡಿಸಿದ 250 ಮಿಲಿಲೀಟರಿನ ಕೋಲಾದಲ್ಲಿ ಸಕ್ಕರೆ ಸುಮಾರು 26 ಗ್ರಾಂ, ಅಂದರೆ ಆರು ಚಮಚ. ನಿಮ್ಮ ಚಹಾಕ್ಕೆ ಎರಡು ಚಮಚ ಬಿದ್ದರೆ ಮನೆಯಿಡೀ ಕೇಳುವಂತೆ ಕೂಗುವವರು ನೀವು!

ನಾನೇನೂ ಸಾಚಾ ಅಲ್ಲ. ಅಂಗಡಿಯ ಫ್ರಿಜ್ ಕಂಪನಿಯದ್ದು, ಪುಕ್ಕಟೆ. ಅವರ ಬಾಟಲಿಗಳೇ ಎದುರಿಗೆ ಕಾಣಬೇಕೆಂಬುದು ಕರಾರು. ಚಾಕೊಲೇಟಿನ ಡಬ್ಬ ಎಲ್ಲಿಡಬೇಕೆಂದು ಸೇಲ್ಸಿನ ಹುಡುಗ ಬಂದು ತೋರಿಸಿದ. ನನ್ನ ಸೊಂಟದ ಎತ್ತರಕ್ಕೆ. ಎರಡನೇ ತರಗತಿಯ ಮಗುವಿಗೆ ಅದು ಸರಿಯಾಗಿ ಕಣ್ಣಿನ ಮಟ್ಟ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಮಕ್ಕಳಿಗೆ ಮಾರಬಾರದೆಂದು 2020ರಲ್ಲೇ ಕೇಂದ್ರದ ನಿಯಮ ಬಂದಿದೆ. ಒಂದು ಭಾನುವಾರ ಯಾರೂ ಇಲ್ಲದಾಗ ಅಳೆದೆ. ಗೇಟಿನಿಂದ ನನ್ನ ಮೆಟ್ಟಿಲಿಗೆ ಐವತ್ತೆಂಟು ಹೆಜ್ಜೆ. ನನ್ನ ಕಾಲು ಎಷ್ಟು ಗಿಡ್ಡವೆಂದು ನಿಮಗೆ ಗೊತ್ತು.

ಇನ್ನು ಆಟ. ದಿನಕ್ಕೆ ಸರಾಸರಿ 60 ನಿಮಿಷವಾದರೂ ಮಕ್ಕಳ ಮೈ ದಣಿಯಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಗದ್ದೆಯಂಚಿನ ಕಟ್ಟಪುಣಿಯ ಮೇಲೆ ಶಾಲೆಗೆ ಓಡಿದವರು, ಕೊಯ್ಲು ಮುಗಿದ ಗದ್ದೆಯಲ್ಲಿ ಕತ್ತಲಾಗುವವರೆಗೆ ಲಗೋರಿ ಆಡಿದವರು. ಆ ಗದ್ದೆ ಮಾರಿದ ಪತ್ರಕ್ಕೆ ಸಹಿ ಹಾಕಿದ್ದು ನೀವು ಮತ್ತು ನಾನು. ಚಿಣ್ಣ ಸ್ಕೂಟರಿನಲ್ಲಿ ಹೋಗಿ, ಸ್ಕೂಟರಿನಲ್ಲಿ ಬಂದು, ಟ್ಯೂಷನ್ನಿಗೆ ಕೂರುತ್ತಾನೆ. ವಾರಕ್ಕೆ ಎರಡು ಆಟದ ಪೀರಿಯಡ್. ಮಳೆಗಾಲದಲ್ಲಿ ಅದೂ ಗಣಿತಕ್ಕೆ.

ಪೂಜೆಯ ಊಟದಲ್ಲಿ ಅವನು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದಿದ್ದ. ಬೆಳೆಯುವ ಹುಡುಗ, ತಿನ್ನಲಿ ಎಂದು ಬೆರಳುಗಳ ಸಂದಿನಲ್ಲೇ ಮೂರನೇ ಹೋಳಿಗೆ ಹಾಕಿಸಿದಿರಿ. ಕೈ ತೊಳೆಯುವಲ್ಲಿ ಡುಮ್ಮ ಎಂದು ನಕ್ಕವರಲ್ಲಿ ನಾನೂ ಒಬ್ಬ. ಅವನು ನಲ್ಲಿ ತಿರುಗಿಸಿ ಬಹಳ ಹೊತ್ತು ಕೈ ತೊಳೆಯುತ್ತಲೇ ಇದ್ದ, ನಮ್ಮ ಕಡೆ ತಿರುಗಲಿಲ್ಲ.

ಸೋಮವಾರ ಕಂಪನಿಯವನು ಬರುತ್ತಾನೆ. ಫ್ರಿಜ್ ತೆಗೆದುಕೊಂಡು ಹೋಗು ಎನ್ನಬೇಕೆಂದಿದ್ದೇನೆ. ಕರೆಂಟು ಬಿಲ್ಲು ಕಟ್ಟುವವನು ಹೇಗೂ ನಾನೇ.